ಇಳಿದಷ್ಟು ನೀರು

ಮಾರ್ಚ್ 3, ಭಾನುವಾರ. ಸಂಜೆ 7

ಮಗಳು ಮತ್ತೆ ಅಲ್ಲಿಗೇ ಹೋಗಿದ್ದಳು, ನನ್ನ ತಂಗಿಯ ಮನೆಗೆ. ಬೆಳಿಗ್ಗೆ ಹತ್ತಕ್ಕೆ ಹೋದವಳು ಬಂದದ್ದು ಆರಕ್ಕೆ. ಶೂ ಬಿಚ್ಚುವ ಮೊದಲೇ ಶುರು — ಚಿಕ್ಕಮ್ಮನ ಮೀನಿನ ಟ್ಯಾಂಕಿನ ಸೀಗಡಿ ಪೊರೆ ಬಿಟ್ಟಿತಂತೆ, ಚಿಕ್ಕಮ್ಮ ಹೊಸ ಹವಳ ಅಂಟಿಸಿದಳಂತೆ, ಅಂಟಿಸುವಾಗ ಚಿಕ್ಕಮ್ಮನ ಬೆರಳೂ ಕಲ್ಲಿಗೆ ಅಂಟಿಕೊಂಡಿತಂತೆ. ಒಂದು ಲೋಟ ಹಾಲು ಮುಗಿಯುವಷ್ಟರಲ್ಲಿ ‘ಚಿಕ್ಕಮ್ಮ’ ಹದಿನಾಲ್ಕು ಸಲ. ಎಣಿಸಿದೆ. ಎಣಿಸುವ ಮಟ್ಟಕ್ಕೆ ಬಂದೆನಲ್ಲ ಎಂದು ನನ್ನ ಮೇಲೇ ಸಿಟ್ಟು.

ಬೇರೇನು ಮಾಡಿದೆ ಇವತ್ತು ಅಂತ ಕೇಳಿದೆ. ಏನಿಲ್ಲ ಅಂದಳು. ನಾನು ಕೇಳಿದರೆ ಯಾವಾಗಲೂ ಏನಿಲ್ಲ.

ಶಾಲೆಯ ಪ್ರಬಂಧದ ಹಾಳೆ ಬ್ಯಾಗಿನಿಂದ ಇಣುಕುತ್ತಿತ್ತು. ‘ನನಗೆ ಇಷ್ಟವಾದ ಜಾಗ’. ಹನ್ನೊಂದು ವರ್ಷದ ಹುಡುಗಿ ಬೆಟ್ಟದ ಬಗ್ಗೆ ಬರೆಯಬಹುದು, ಪಾರ್ಕಿನ ಬಗ್ಗೆ ಬರೆಯಬಹುದು, ತನ್ನ ಕೋಣೆಯ ಬಗ್ಗೆಯೂ ಬರೆಯಬಹುದು. ಬರೆದಿರುವುದು ಚಿಕ್ಕಮ್ಮನ ಹಾಲ್. ಎರಡು ಪುಟ. ಟೀಚರ್ ಕೆಳಗೆ ‘ಬಹಳ ಚೆನ್ನಾಗಿದೆ’ ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದಾರೆ. ಒಂದಲ್ಲ, ಎರಡು. ಎರಡನೇ ಗೆರೆ ಬೇಕಿತ್ತಾ?

ಮಾರ್ಚ್ 5, ಮಂಗಳವಾರ

ಕೆಲಸದಲ್ಲಿ ಮನಸ್ಸಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಲೆನ್ಸ್ ಉಜ್ಜುವ ಯಂತ್ರ, ನಾನು. ಯಾರದೋ ಬಲಗಣ್ಣಿನ ಜಾಗಕ್ಕೆ ಎಡಗಣ್ಣಿನ ಲೆನ್ಸ್ ಕೂರಿಸಿಬಿಟ್ಟಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ. ಮಾಲೀಕರು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

ನಾನು ಕಣ್ಣಿನವಳು, ತಂಗಿ ಕಿವಿಯವಳು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಾಳೆ. ಬಿಳಿ ಕೋಟು, ಗಾಜಿನ ಕೋಣೆ, ಜನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ನಾನು ಉಜ್ಜಿದ ಲೆನ್ಸ್ ಹಾಕಿಕೊಂಡವರಿಗೆ ನನ್ನ ಮುಖವೇ ಗೊತ್ತಿಲ್ಲ. ಮೊದಲಿಂದಲೂ ಹೀಗೇ. ಕಿಟಕಿ ಪಕ್ಕದ ಹಾಸಿಗೆ — "ಚಿಕ್ಕವಳು ಪಾಪ, ಬಿಟ್ಕೊಡೇ". ಕೆಂಪು ಸೈಕಲ್ — "ಬಿಟ್ಕೊಡೇ". ಅಮ್ಮನ ಮಗ್ಗುಲು, ಅಪ್ಪನ ಸ್ಕೂಟರಿನ ಮುಂದಿನ ಜಾಗ, ಎಲ್ಲ ಬಿಟ್ಟುಕೊಟ್ಟೆ. ಈಗ ಮಗಳು. ಇದೊಂದು ಆಗುವುದಿಲ್ಲ.

ಬರುವಾಗ ಎರಡು ಸ್ಟಾಪ್ ಮೊದಲೇ ಬಸ್ಸಿಳಿದೆ. ಅಲ್ಲೊಂದು ಮೀನಿನಂಗಡಿ ಇದೆ, ಸಾಕುವ ಮೀನಿನದು. ಅಂಗಡಿಯವನಿಗೆ ದೊಡ್ಡ ಮೀಸೆ, ಮೊಣಕೈವರೆಗೆ ಒದ್ದೆ. ಉಪ್ಪುನೀರಿನ ಟ್ಯಾಂಕ್ ಬೇಕು, ಹವಳ ಬೆಳೆಸುವಂಥದ್ದು ಅಂದೆ. ಮೊದಲ ಸಲವಾದರೆ ಸಿಹಿನೀರಿನಲ್ಲಿ ಶುರು ಮಾಡಿ ಮೇಡಂ, ಇದು ಸ್ವಲ್ಪ ಸೂಕ್ಷ್ಮ ಅಂದ. ಬೇಡ ಅಂದೆ. ಸೂಕ್ಷ್ಮದ ಕೆಲಸ ನನಗೆ ಇವನು ಹೇಳಿಕೊಡುತ್ತಾನಂತೆ.

ಮಾರ್ಚ್ 9, ಶನಿವಾರ

ಟ್ಯಾಂಕ್ ಬಂತು. ಅರವತ್ತು ಲೀಟರ್. ಅವಳದು ಮುನ್ನೂರು. ಇರಲಿ.

ಶೂ ರ‍್ಯಾಕಿಗೆ ಬಾಲ್ಕನಿ ವಾಸ. ಇವರು ಲಿಫ್ಟ್ ರಿಪೇರಿಯವರು, ಏನೇ ಕಂಡರೂ ತೂಕ ಹಾಕುತ್ತಾರೆ. ನೀರು, ಕಲ್ಲು, ಸ್ಟ್ಯಾಂಡ್ ಸೇರಿ ಒಬ್ಬ ದಪ್ಪ ಮನುಷ್ಯನಷ್ಟಾಯಿತು, ಮೂಲೆಯಲ್ಲಿ ಕೂತು ಏನೂ ಕೆಲಸ ಮಾಡದ ನೆಂಟ ಬಂದ ಹಾಗೆ ಅಂದರು. ಆಮೇಲೆ ಸುಮ್ಮನಿರಲಾರದೆ, "ನಿನ್ನ ತಂಗಿ ಮನೆಗೆ ಹೊಸ ಫ್ರಿಜ್ ಬಂದ ವಾರಾನೇ ನಮ್ಮ ಫ್ರಿಜ್ ಕೆಟ್ಟಿತ್ತು, ನೆನಪಿದ್ಯಾ?" ಕೇಳಿಸದವಳ ಹಾಗೆ ಬಕೆಟ್ಟಿನಲ್ಲಿ ಉಪ್ಪು ಕಲಸುತ್ತಿದ್ದೆ.

ಉಪ್ಪು ಅಳೆಯಲು ಅಂಗಡಿಯವನು ಒಂದು ಕೊಳವೆ ಕೊಟ್ಟಿದ್ದಾನೆ. ತುದಿಯ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಇನ್ನೊಂದು ತುದಿಗೆ ಕಣ್ಣಿಟ್ಟು, ಬೆಳಕಿನತ್ತ ಹಿಡಿದು ನೋಡಬೇಕು. ಇಂಥವು ನನ್ನ ಕೈಯ ಆಟಿಕೆ. ನೀಲಿ ಬಿಳಿಯ ನಡುವಿನ ಗೆರೆ ಸಮುದ್ರದ್ದೇ ಅಳತೆ, ಮೂವತ್ತೈದರ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಒರೆಸಿ ಡಬ್ಬಿಗೆ ಹಾಕಿ ಡ್ರಾಯರಿನಲ್ಲಿಟ್ಟೆ. ಒಮ್ಮೆ ಸರಿ ಮಾಡಿದ್ದನ್ನು ಪದೇಪದೇ ನೋಡುವುದು ಕೈ ಕುದುರದವರ ಚಾಳಿ.

ಒಂದು ತಿಂಗಳು ಮೀನಿಲ್ಲ. ಬರೀ ನೀರು, ಮರಳು, ತೂತು ತೂತಾದ ಸಮುದ್ರದ ಕಲ್ಲು. ಕಲ್ಲಿನೊಳಗೆ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ನೀರು ಪಳಗಬೇಕಂತೆ. ಇದನ್ನು ಮಗಳಿಗೆ ವಿವರಿಸಲು ಹೊರಟರೆ, ಗೊತ್ತು ಅಂದಳು. ಹೇಗೆ ಗೊತ್ತು ಎಂದು ಕೇಳಲಿಲ್ಲ. ಅವಳಿಗೆ ಎರಡು ನಿಯಮ ಹೇಳಿದೆ. ಒಂದು, ಈ ಟ್ಯಾಂಕಿನ ವಿಷಯ ಚಿಕ್ಕಮ್ಮನಿಗೆ ಹೇಳಕೂಡದು. ಎರಡು, ಅಲ್ಲಿನ ಪಾಠ ಇಲ್ಲಿ ಒಪ್ಪಿಸಕೂಡದು. ಯಾಕೆ ಅಂದಳು. ಸರ್ಪ್ರೈಸ್ ಅಂದೆ. ಪೆಚ್ಚಾಗಿ ತಲೆಯಾಡಿಸಿದಳು.

ಮಾರ್ಚ್ 21, ಗುರುವಾರ

ಮರಳಿನ ಮೇಲೆಲ್ಲ ಕಂದು ಲೋಳೆ. ಗಾಜಿನ ಮೇಲೂ. ತುಕ್ಕು ಹಿಡಿದ ಹಾಗೆ. ಮೀಸೆಯವನಿಗೆ ಫೋನ್ ಮಾಡಿದರೆ ನಗುತ್ತಾನೆ, ಬರುತ್ತೆ ಮೇಡಂ, ಹೋಗುತ್ತೆ.

ಮಗಳು ಎದುರಿಗೆ ಕೂತು ನೋಡಿದಳು. ಅಲ್ಲಿ ಹೀಗಿಲ್ಲ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಕೇಳಿಸಿತು.

ಭಾನುವಾರ ಮತ್ತೆ ಅಲ್ಲಿ. ತಡೆಯಲಿಕ್ಕೆ ನೆಪ ಸಿಗಲಿಲ್ಲ. ಬರೀ ಕಲ್ಲು ತೋರಿಸಿ ಮಗುವನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?

ಏಪ್ರಿಲ್ 4, ಗುರುವಾರ. ಬೆಳಿಗ್ಗೆ 7.30

ಇದನ್ನು ಈಗಲೇ ಬರೆಯಬೇಕು, ಬಸ್ಸು ತಪ್ಪಿದರೂ ಸರಿ.

ಲೋಳೆ ಹೋಗಿದೆ. ಹಲ್ಲುಜ್ಜುತ್ತಾ ನೋಡಿದರೆ ಕಲ್ಲಿನ ತೂತಿನಿಂದ ಏನೋ ಹೊರಗೆ. ಗರಿಯಂಥದ್ದು, ಕಿರುಬೆರಳಿನ ಉಗುರಿನಷ್ಟು, ಕಂದು ಬಿಳಿ ಪಟ್ಟೆ. ನಾವು ತಂದು ಹಾಕಿದ್ದಲ್ಲ! ಕಲ್ಲಿನೊಳಗೇ ಇಷ್ಟು ದಿನ ಅಡಗಿತ್ತು. ಮಗಳನ್ನು ಎಬ್ಬಿಸಿದೆ. ಅವಳ ನೆರಳು ಬಿದ್ದದ್ದೇ ಸರ್ರನೆ ಒಳಗೆ. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಅವಳ ಭುಜ ನನ್ನ ಭುಜಕ್ಕೆ ತಗುಲಿಕೊಂಡಿತ್ತು. ಐದು ನಿಮಿಷ ಆದ ಮೇಲೆ ಮೆಲ್ಲಗೆ ತಲೆ ಹಾಕಿತು.

"ಜುಟ್ಟು," ಅಂದಳು. ಅದಕ್ಕೆ ಅದೇ ಹೆಸರಂತೆ.

ಆಮೇಲೆ ನನ್ನತ್ತ ತಿರುಗಿ, ಇಂಥದ್ದು ಚಿಕ್ಕಮ್ಮನ ಹತ್ರ ಇಲ್ಲ ಅಂದಳು. ಅವಳಾಗಿಯೇ ಅಂದದ್ದು. ನಾನು ಕೇಳಿರಲಿಲ್ಲ. ಇಡೀ ದಿನಕ್ಕೆ ಇಷ್ಟು ಸಾಕು.

ಏಪ್ರಿಲ್ 14, ಭಾನುವಾರ

ಮೀನು ಬಂದವು, ಎರಡು. ಕಿತ್ತಳೆ ಬಣ್ಣ, ಬಿಳಿ ಪಟ್ಟೆ, ಕುಡಿದವರ ಹಾಗೆ ಓಲಾಡುತ್ತಾ ಈಜುತ್ತವೆ. ಬಸವನಹುಳು ಮೂರು. ಹಸಿರು ಹವಳದ ತುಂಡು ಒಂದು, ಬಟನ್‌ನಷ್ಟು ಬಾಯಿಗಳು ಹತ್ತಾರು, ದೀಪ ಹಾಕಿದರೆ ಅರಳುತ್ತವೆ.

ಮಗಳು ಇವತ್ತು ಅಲ್ಲಿಗೆ ಹೋಗಲಿಲ್ಲ! ಹೋಮ್‌ವರ್ಕನ್ನೂ ಟ್ಯಾಂಕಿನ ಮುಂದೆ ನೆಲದ ಮೇಲೇ ಮಾಡಿದಳು. ಹನ್ನೊಂದಕ್ಕೆ ತಂಗಿಯ ಫೋನು, ಮರಿ ಯಾಕೆ ಬರಲಿಲ್ಲ ಅಂತ. ಪರೀಕ್ಷೆ ಇದೆ, ಓದ್ತಿದ್ದಾಳೆ ಅಂದೆ. ಹೌದಾ, ಸರಿ ಅಕ್ಕ ಅಂದಳು. ಧ್ವನಿ ಸಪ್ಪಗಾಯಿತು. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯೇ ಆಯಿತು.

ಏಪ್ರಿಲ್ 18, ಗುರುವಾರ

ಸೆಕೆ. ನೀರು ಬಿಸಿಯಾಗಬಾರದೆಂದು ಗಾಜಿನ ಮುಚ್ಚಳ ತೆಗೆದು ಫ್ಯಾನ್ ಇಟ್ಟೆ. ನೀರು ಆವಿಯಾಗಿ ದಿನಕ್ಕೆ ಒಂದು ಲೀಟರ್ ಇಳಿಯುತ್ತಿದೆ. ಹಾಗಾಗಿ ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿಟ್ಟಿದ್ದೇನೆ. ಅಳತೆ ಮಾಡಿ, ಮೂವತ್ತೈದಕ್ಕೇ. ಇಳಿದಷ್ಟನ್ನು ಅದರಿಂದಲೇ ತುಂಬುತ್ತೇನೆ. ಸಮುದ್ರಕ್ಕೆ ಸಮುದ್ರದ ನೀರು.

ಮಗಳು ಜಗ್ಗು ಹಿಡಿದುಕೊಂಡು ಪಕ್ಕದಲ್ಲಿದ್ದಳು.

"ಅಮ್ಮ, ಇಳಿದಿದ್ದಕ್ಕೆ ಚಿಕ್ಕಮ್ಮ ಬರೀ..."

"ಈ ಮನೇಲಿ ಚಿಕ್ಕಮ್ಮನ ಪಾಠ ಬೇಡ ಅಂದಿದ್ದೆ ತಾನೆ?"

ಜಗ್ಗನ್ನು ನೆಲದ ಮೇಲಿಟ್ಟು ಕೋಣೆಗೆ ಹೋದಳು. ಸ್ವಲ್ಪ ಜೋರಾಯಿತೇನೋ. ಆದರೆ ಎಷ್ಟು ಸಲ ಹೇಳುವುದು? ಅವಳು ನನ್ನ ಹೆಗಲ ಮೇಲಿಂದ ಇಣುಕದ ಜಾಗ ಈ ಭೂಮಿಯಲ್ಲಿ ನನಗೊಂದಾದರೂ ಬೇಡವಾ?

ಮೇ 5, ಭಾನುವಾರ

ಬರೆಯುವ ಮನಸ್ಸಿರಲಿಲ್ಲ. ಹದಿನೈದು ದಿನದಿಂದ ಒಂದೂ ಸರಿಯಿಲ್ಲ.

ಹವಳದ ಬಾಯಿಗಳು ಮುಚ್ಚಿಕೊಂಡಿವೆ, ದೀಪ ಹಾಕಿದರೂ ಇಲ್ಲ. ಬಸವನಹುಳುಗಳು ಗಾಜು ಬಿಟ್ಟು ಮರಳಿಗೆ ಬಿದ್ದಿವೆ, ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತವೆ. ಜುಟ್ಟು ಕಾಣಿಸಿಕೊಂಡು ಆರು ದಿನ. ಟ್ಯಾಂಕಿನ ಅಂಚಿನಲ್ಲಿ ಬಿಳೀ ಪುಡಿ ಕಟ್ಟುತ್ತದೆ, ದಿನಾ ಒರೆಸುತ್ತೇನೆ. ಇವತ್ತು ಚಿಕ್ಕ ಮೀನು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿತ್ತು. ನೀರು ಕಮ್ಮಿಯಾಯಿತೇನೋ ಎಂದು ಇನ್ನೊಂದು ಜಗ್ಗು ಹಾಕಿದೆ.

ಚಿಕ್ಕಮ್ಮನನ್ನು ಕೇಳೋಣ ಅಂದಳು ಮಗಳು, ಒಂದೇ ಸಲ, ಮೆಲ್ಲಗೆ. ಬೇಡ ಅಂದೆ. ಮಧ್ಯಾಹ್ನ ಚಪ್ಪಲಿ ಹಾಕಿಕೊಂಡು ಅಲ್ಲಿಗೆ ಹೋದಳು. ಹೋಗಿ ಬರ್ತೀನಿ ಅಂದಳಷ್ಟೇ, ಹೋಗಲಾ ಅಂತ ಕೇಳಲಿಲ್ಲ.

ಮೇ 7, ಮಂಗಳವಾರ

ಚಿಕ್ಕ ಮೀನು ಸತ್ತಿತು. ಮಗಳೇ ಬಲೆಯಲ್ಲಿ ತೆಗೆದಳು. ಅಳಲಿಲ್ಲ. ಅತ್ತಿದ್ದರೆ ಹತ್ತಿರ ಕೂರಿಸಿಕೊಳ್ಳಬಹುದಿತ್ತು. ಬಾಲ್ಕನಿಯ ಕುಂಡದಲ್ಲಿ ಮಣ್ಣು ಮಾಡಿ, ಕೈ ತೊಳೆದು, ತನ್ನ ಕೋಣೆಗೆ ಹೋದಳು.

ಮೇ 8, ಬುಧವಾರ. ರಾತ್ರಿ

ಊಟದ ಬಿಡುವಿನಲ್ಲಿ ಒಂದು ಬಾಟಲಿ ನೀರು ತೆಗೆದುಕೊಂಡು ಮೀಸೆಯವನ ಹತ್ತಿರ ಹೋಗಿದ್ದೆ. ಅವನು ಒಂದು ಹನಿ ಬಿಟ್ಟು ಕಣ್ಣಿಟ್ಟ. ಕೊಳವೆಯನ್ನು ನನ್ನ ಕೈಗೆ ಕೊಟ್ಟ. ಗೆರೆ ನಲವತ್ತಾರರ ಮೇಲಿತ್ತು.

ಇಳಿದ ನೀರಿಗೆ ಏನು ಹಾಕ್ತೀರಿ ಅಂತ ಕೇಳಿದ. ಉಪ್ಪುನೀರು ಅಂದೆ. ಅವನು ಮೀಸೆ ಒರೆಸಿಕೊಂಡ.

"ಮೇಡಂ, ಆವಿಯಾಗೋದು ನೀರು ಮಾತ್ರ. ಉಪ್ಪು ಅಲ್ಲೇ ಇರತ್ತೆ. ಇಳಿದಷ್ಟಕ್ಕೆ ಬರೀ ಸಿಹಿನೀರು ಹಾಕ್ಬೇಕು."

ಇಷ್ಟೇ. ಎರಡನೇ ಕ್ಲಾಸಿನ ಮಗುವಿಗೂ ಗೊತ್ತಿರುವಂಥದ್ದು. ದಿನಾ ಸಮುದ್ರ, ದಿನಾ ಅಳತೆ, ದಿನಾ ಇನ್ನಷ್ಟು ಉಪ್ಪು. ಅಂಚಿನಲ್ಲಿ ಕಟ್ಟುತ್ತಿದ್ದ ಪುಡಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದೆನಲ್ಲ. ಕೊಳವೆ ಡ್ರಾಯರಿನಲ್ಲಿ ಡಬ್ಬಿಯೊಳಗೆ ಹೊಚ್ಚ ಹೊಸದಾಗಿದೆ. ಇಪ್ಪತ್ತೊಂದು ವರ್ಷ ಗಾಜಿಗೆ ಕಣ್ಣಿಟ್ಟವಳು. ಥೂ.

ಸ್ವಲ್ಪ ಸ್ವಲ್ಪವೇ ಹಳೇ ನೀರು ತೆಗೆದು ಸಿಹಿನೀರು ಹಾಕಿ, ಒಂದೇ ಸಲ ಬೇಡ, ಉಳಿದ ಮೀನು ಬದುಕಬಹುದು ಅಂದ. ಇದು ನಮ್ಮಿಬ್ಬರಲ್ಲೇ ಇರಲಿ ಅಂದೆ. ಯಾರಿಗೆ ಹೇಳಲಿ ಮೇಡಂ ಅಂತ ನಕ್ಕ.

ಮೀನಿಗೆ ಏನೋ ರೋಗವಂತೆ ಅಂತ ಮಗಳಿಗೆ ಹೇಳಿದೆ. ಹೂಂ ಅಂದಳು.

ಮೇ 12, ಭಾನುವಾರ

ಬೆಳಿಗ್ಗೆ ಫಿಲ್ಟರಿನ ಸಿಹಿನೀರು ಹಾಕುತ್ತಿದ್ದೆ. ಹಿಂದೆ ನಿಂತು ನೋಡುತ್ತಿದ್ದಳು ಮಗಳು. ಉಪ್ಪಿನ ಬಕೆಟ್ ಎಲ್ಲಿ ಎಂದು ಕೇಳಲಿಲ್ಲ. ಜಗ್ಗು ಖಾಲಿಯಾದಾಗ ತಾನೇ ಹೋಗಿ ತುಂಬಿಸಿಕೊಂಡು ಬಂದಳು. ಉಳಿದ ಮೀನು ತಿನ್ನುತ್ತಿದೆ. ಹವಳ ಬೆಳ್ಳಗಾಗಿ ಹೋಯಿತು.

ಹತ್ತಕ್ಕೆ ಚಿಕ್ಕಮ್ಮನ ಮನೆಗೆ ಹೊರಟಳು. ಬ್ಯಾಗಿನಲ್ಲಿ ಬಟ್ಟೆಯೂ ಇತ್ತು. ರಾತ್ರಿ ಅಲ್ಲೇ.

ಮೇ 18, ಶನಿವಾರ

ತಂಗಿ ಬಂದಿದ್ದಳು. ನಾಳೆಯಿಂದ ಹತ್ತು ದಿನ ಎಲ್ಲೋ ಟ್ರೇನಿಂಗ್. ಅವಳ ಟ್ಯಾಂಕಿಗೆ ತಾನಾಗಿ ನೀರು ತುಂಬುವ ಪಂಪ್ ಕೆಟ್ಟಿದೆಯಂತೆ, ಹೊಸದು ಬರಬೇಕು. ಅಲ್ಲಿಯವರೆಗೆ ದಿನಾ ಬಂದು ನೀರು ಹಾಕ್ತೀಯಾ ಅಕ್ಕ ಅಂದಳು.

ನಮ್ಮ ಟ್ಯಾಂಕಿನ ಮುಂದೆ ಮಂಡಿಯೂರಿ ಕೂತಳು. ಭಾವ ಹೇಳಿದರು, ಮರಿ ಒಂದು ಮಾತೂ ಹೇಳಲಿಲ್ಲ ನೋಡು ಅಂದಳು. ಬೆಳ್ಳಗಾದ ಹವಳ ನೋಡಿದಳು. ನಾನು ಹಲ್ಲು ಕಚ್ಚಿ ಕಾದೆ. ಈಗ ಹೇಳುತ್ತಾಳೆ, ಈಗ ಬುದ್ಧಿ ಹೇಳುತ್ತಾಳೆ.

"ಮೊದ್ಲೇ ಹೇಳಿದ್ರೆ ನನ್ನ ಹತ್ರ ಇರೋದ್ರಲ್ಲೇ ಒಂದು ತುಂಡು ಕೊಡ್ತಿದ್ದೆ ಅಕ್ಕ. ಬಂದ್ಮೇಲೆ ಕೊಡ್ತೀನಿ."

ಕೊಡುತ್ತಾಳಂತೆ. ಇದಕ್ಕಿಂತ ಎರಡೇಟು ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೀಲಿ ಕೊಟ್ಟಳು. ಎರಡು ಡ್ರಮ್ ಇದೆ, ಇಳಿದಷ್ಟು ಹಾಕು, ಗೊತ್ತಲ್ಲ ನಿಂಗೆ ಅಂದಳು. ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ತಲೆಯಾಡಿಸಿದೆ.

ಮೇ 20, ಸೋಮವಾರ. ಬೆಳಿಗ್ಗೆ 8

ತಂಗಿಯ ಮನೆ, ಎರಡು ಬೀದಿ ಆಚೆ, ಮೂರನೇ ಮಹಡಿ. ಒಬ್ಬಳೇ ಇರುವವಳ ಮನೆ ಹೀಗಿರಬಾರದು, ಇಷ್ಟು ತುಂಬಿಕೊಂಡು. ಹಸಿರು ಮುಚ್ಚಳದ ಡ್ರಮ್ಮಿನಲ್ಲಿ ಸಿಹಿನೀರು, ಕಪ್ಪು ಮುಚ್ಚಳದ್ದರಲ್ಲಿ ಉಪ್ಪುನೀರು. ಬೆರಳದ್ದಿ ನಾಲಿಗೆಗಿಟ್ಟು ನೋಡಿದೆ. ಹಸಿರಿನಿಂದ ಎರಡು ಜಗ್ಗು ಹಾಕಿದೆ. ಮುಗಿಯಿತು.

ಟ್ಯಾಂಕ್ ಮಾತ್ರ... ಏನು ಹೇಳುವುದು. ನೇರಳೆ, ಹಸಿರು, ಗುಲಾಬಿ, ಎಲ್ಲವೂ ಉಸಿರಾಡುತ್ತಿವೆ. ಅರ್ಧ ಗಂಟೆ ಕೂತುಬಿಟ್ಟೆ. ಮಗಳು ಇಲ್ಲಿಗೆ ಯಾಕೆ ಬರುತ್ತಾಳೆಂದು ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಮೇ 21, ಮಂಗಳವಾರ

ಅಡುಗೆಮನೆಯ ಬಾಗಿಲ ಚೌಕಟ್ಟು. ನೀರು ಕುಡಿಯಲು ಹೋದವಳ ಕಣ್ಣಿಗೆ ಬಿತ್ತು. ಪೆನ್ಸಿಲ್ ಗೆರೆಗಳು, ಒಂದರ ಮೇಲೊಂದು, ಪಕ್ಕದಲ್ಲಿ ತಾರೀಖು. ಮಗಳ ಎತ್ತರ. ಕೆಳಗಿನದು ನಾಲ್ಕು ವರ್ಷದ್ದು. ಎಲ್ಲಕ್ಕಿಂತ ಮೇಲಿನದು ಮಾರ್ಚ್ 3. ಆವತ್ತು ಕೇಳಿದ್ದೆ, ಬೇರೇನು ಮಾಡಿದೆ ಎಂದು. ಏನಿಲ್ಲ ಅಂದಿದ್ದಳು.

ನಮ್ಮ ಮನೆಯಲ್ಲಿ ಒಂದು ಗೆರೆಯೂ ಇಲ್ಲ. ಪೇಂಟ್ ಹಾಳಾಗುತ್ತದೆ ಎಂದು ಚಿಕ್ಕವಳಿದ್ದಾಗ ನಾನೇ ಬೈದಿದ್ದೆ. ಏಳು ವರ್ಷ ನನ್ನ ಮಗಳು ಬೆಳೆದದ್ದು ಇವಳ ಗೋಡೆಯ ಮೇಲೆ.

ಹಸಿರು ಮುಚ್ಚಳ ತೆಗೆದು ಎರಡು ಜಗ್ಗು ಹಾಕಿ ಓಡಿ ಬಂದೆ.

ಮೇ 22, ಬುಧವಾರ. ಬೆಳಿಗ್ಗೆ 8.15

ಕಪ್ಪು ಮುಚ್ಚಳ ತೆಗೆದೆ.

ಕೈತಪ್ಪಿ ಅಲ್ಲ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು? ಎರಡು ಜಗ್ಗು ಉಪ್ಪುನೀರು, ನಿಧಾನವಾಗಿ, ಚೆಲ್ಲದ ಹಾಗೆ. ಯಾವ ಡ್ರಮ್ ಎಂದು ಅವಳು ಹೇಳಿರಲಿಲ್ಲ. ನಾನು ಹೊಸಬಳು. ನನ್ನ ಟ್ಯಾಂಕಿನಲ್ಲೂ ಹೀಗೇ ಮಾಡಿ ಕೆಡಿಸಿಕೊಂಡವಳು, ಬೇಕಾದರೆ ಮೀಸೆಯವನೇ ಸಾಕ್ಷಿ ಹೇಳುತ್ತಾನೆ. ಅಯ್ಯೋ ಪಾಪ ಅಕ್ಕನಿಗೆ ಗೊತ್ತಾಗಲಿಲ್ಲ ಅನ್ನುತ್ತಾರೆ.

ಎಲ್ಲವೂ ಸಾಯಲಿ ಎಂದಿಲ್ಲ. ಒಂದೆರಡು ಹವಳ ಬೆಳ್ಳಗಾಗಲಿ. ಅವಳ ಮುಖವೂ ಒಮ್ಮೆ ಸಪ್ಪಗಾಗಲಿ. ಅಲ್ಲಿಯೂ ಬಲೆ ಹಾಕಿ ತೆಗೆಯುವಂಥದ್ದು ಇರುತ್ತದೆ ಎಂದು ಮಗಳಿಗೆ ಗೊತ್ತಾಗಲಿ. ಅಷ್ಟೇ.

ಮೇ 23

ಎರಡು ಜಗ್ಗು. ಕಪ್ಪು.

ಮೇ 24

ಎರಡು. ಕೆಲಸದಲ್ಲಿ ಒಂದು ಲೆನ್ಸ್ ಒಡೆದೆ. ಇವರು ರಾತ್ರಿ ಊಟಕ್ಕೆ ಕೂತಾಗ, ಹುಷಾರಿಲ್ವಾ ಅಂತ ಕೇಳಿದರು. ಸೆಕೆ ಅಂದೆ.

ಮೇ 25, ಶನಿವಾರ. ಮಧ್ಯಾಹ್ನ

ಎರಡು ಜಗ್ಗು ಹಾಕಿದೆ. ಎರಡನೆಯದು ಸ್ವಲ್ಪ ನೆಲಕ್ಕೆ ಚೆಲ್ಲಿತು. ಒರೆಸಲು ಬಟ್ಟೆ ಹುಡುಕಿ ಟ್ಯಾಂಕಿನ ಕೆಳಗಿನ ಕಪಾಟು ತೆಗೆದರೆ ಉದ್ದನೆಯ ನೋಟ್‌ಬುಕ್. ರಟ್ಟಿನ ಮೇಲೆ ಮಗಳ ಅಕ್ಷರ, ‘ಸಮುದ್ರ’.

ಸ್ಕೇಲ್ ಹಿಡಿದು ಗೆರೆ ಎಳೆದಿದ್ದಾಳೆ. ತಾರೀಖು, ಉಪ್ಪು ಎಷ್ಟು, ಏನಾಯಿತು, ಕಾರಣ. ಪ್ರತಿ ಭಾನುವಾರ ಒಂದು ಸಾಲು. ಮೂವತ್ತೈದು, ಮೂವತ್ತೈದು, ಮೂವತ್ತೈದು. ಹಾಗಾದರೆ ಅಲ್ಲಿ ಇಡೀ ದಿನ ಕೂತು ಮಾಡುವುದು ಇದನ್ನು. ನಾನು ಉಜ್ಜುವ ಮೇಜಿನ ಮುಂದೆ ಕೂತಂತೆಯೇ ಕೂತು, ಒಂದು ಕಣ್ಣು ಮುಚ್ಚಿಕೊಂಡು.

ಮೊದಲ ಪುಟ ಎರಡು ವರ್ಷ ಹಳೆಯದು. ಆಗ ಒಂಬತ್ತು ವರ್ಷ ಅವಳಿಗೆ, ಅಕ್ಷರ ಇನ್ನೂ ದಪ್ಪ. ಮೂರನೇ ಸಾಲು: ಉಪ್ಪು 41. ಏನಾಯಿತು: 2 ಬಸವನಹುಳು, 1 ಸೀಗಡಿ ಹೋದವು. ಕಾರಣ: ‘ಇಳಿದಿದ್ದಕ್ಕೆ ಉಪ್ಪುನೀರು ಹಾಕಿದೆವು. ಚಿಕ್ಕಮ್ಮನಿಗೂ ನನಗೂ ಗೊತ್ತಿರಲಿಲ್ಲ.’

ಎಷ್ಟು ಸಲ ಓದಿದೆನೋ. ತಂಗಿಯೂ ಇದೇ ತಪ್ಪು ಮಾಡಿದ್ದಳು. ಅದಿರಲಿ. ಮಗಳಿಗೆ ಗೊತ್ತಿತ್ತು. ಏಪ್ರಿಲ್‌ನಲ್ಲಿ ಜಗ್ಗು ಹಿಡಿದು ನಿಂತಾಗಲೇ ಗೊತ್ತಿತ್ತು. ಹೇಳಲು ಬಾಯಿ ತೆರೆದಳು, ನಾನು ಮುಚ್ಚಿಸಿದೆ. ಆಮೇಲೆ ಹತ್ತೊಂಬತ್ತು ದಿನ ನಾನು ಉಪ್ಪು ಸುರಿಯುವುದನ್ನು ನೋಡುತ್ತಾ ಕೂತಿದ್ದಳು ಮಗು. ಬಲೆ ಹಾಕಿ ತೆಗೆದಾಗ ಅಳಲಿಲ್ಲ ಯಾಕೆಂದು ಈಗ ಗೊತ್ತಾಗುತ್ತಿದೆ. ಮೊದಲೇ ಅತ್ತು ಮುಗಿಸಿದ್ದಳು.

ನಾಳೆ ಭಾನುವಾರ.

ಮೇ 26, ಭಾನುವಾರ. ಮಧ್ಯಾಹ್ನ 2

ಎಂಟಕ್ಕೇ ತಯಾರಾಗಿ ಬಂದಳು. ನಾನೂ ಬರ್ತೀನಿ, ಇವತ್ತು ಅಳೀಬೇಕು ಅಂದಳು. ನಾನೇ ಅಳೆದು ಬರೆದುಬಿಡ್ತೀನಿ ಅಂದೆ. "ಅದು ನನ್ನ ಕೆಲ್ಸ ಅಮ್ಮ," ಅಂದಳು.

ದಾರಿಯುದ್ದಕ್ಕೂ ಕೈ ಹಿಡಿದುಕೊಂಡಿದ್ದಳು. ಎಷ್ಟು ತಿಂಗಳಾಗಿತ್ತೋ.

ಟ್ಯಾಂಕಿನ ಮುಂದೆ ನಿಂತವಳೇ ಹುಬ್ಬು ಗಂಟಿಕ್ಕಿದಳು. ಎಡಮೂಲೆಯ ಹವಳ ಮುದುಡಿಕೊಂಡಿತ್ತು, ಎರಡು ದಿನದಿಂದ ನಾನು ಅತ್ತ ನೋಡಿರಲಿಲ್ಲ. ಕೊಳವೆ ತೆಗೆದಳು, ಗಾಜು ಒರೆಸಿದಳು, ಒಂದು ಹನಿ ಬಿಟ್ಟು ಕಿಟಕಿಯತ್ತ ತಿರುಗಿದಳು. ನೋಡಿದಳು. ಒರೆಸಿ, ಮತ್ತೆ ಒಂದು ಹನಿ ಬಿಟ್ಟು ನೋಡಿದಳು. ಆಮೇಲೆ ಹೋಗಿ ಎರಡೂ ಡ್ರಮ್ಮುಗಳ ಮುಚ್ಚಳ ತೆಗೆದು ಯಾವುದರಲ್ಲಿ ಎಷ್ಟು ಇಳಿದಿದೆ ಎಂದು ನೋಡಿದಳು. ನಾನು ಟ್ಯಾಂಕಿನ ಪಕ್ಕ ನಿಂತೇ ಇದ್ದೆ.

ನೋಟ್‌ಬುಕ್ ತೆಗೆದು ತಾರೀಖು ಬರೆದಳು. ಉಪ್ಪು: 37. ಏನಾಯಿತು: ಎಡಗಡೆಯ ಹವಳ ಮುದುಡಿದೆ, ಯಾರೂ ಸತ್ತಿಲ್ಲ. ಕಾರಣದ ಜಾಗಕ್ಕೆ ಬಂದು ಪೆನ್ನು ನಿಂತಿತು. ನನ್ನತ್ತ ನೋಡಿದಳು. ಎರಡು ವಾರದ ಹಿಂದೆ ನಾನು ಸಿಹಿನೀರು ಹಾಕುವುದನ್ನು ಹಿಂದೆ ನಿಂತು ನೋಡಿದವಳು. ನನಗೆ ಗೊತ್ತಿದೆ ಎಂದು ಗೊತ್ತಿರುವವಳು.

ಗೊತ್ತಾಗಲಿಲ್ಲ ಮರಿ ಅನ್ನುವ ಮಾತು ನಾಲಿಗೆ ತುದಿವರೆಗೆ ಬಂದಿತ್ತು.

ಪೆನ್ನಿನ ಹಿಂಬದಿಯನ್ನು ನನ್ನ ಕಡೆಗೆ ತಿರುಗಿಸಿದಳು.

"ಇದು ನೀನೇ ಬರಿ ಅಮ್ಮ. ಸುಳ್ಳು ಬರೆದ್ರೆ ಮುಂದಿನ ಸಲ ಏನ್ಮಾಡ್ಬೇಕು ಅಂತ ಗೊತ್ತಾಗಲ್ಲ."

ಬರೆಯಲಿಲ್ಲ. ಅವಳು ಕಾಯಲೂ ಇಲ್ಲ. ನೋಟ್‌ಬುಕ್ ತೆರೆದಿಟ್ಟು ಜಗ್ಗು ತಂದಳು. ಎರಡು ಜಗ್ಗು ಟ್ಯಾಂಕಿನಿಂದ ತೆಗೆದು, ಅಷ್ಟೇ ಸಿಹಿನೀರು ಹಾಕಬೇಕು, ದಿನಕ್ಕೆ ಅಷ್ಟೇ, ಆತುರ ಬೇಡ ಅಂದಳು. ಇಬ್ಬರೂ ಸೇರಿ ಹಾಕಿದೆವು.

ಮೇ 28, ಮಂಗಳವಾರ

36. ಎಡಮೂಲೆಯ ಹವಳ ಅರ್ಧ ಅರಳಿದೆ. ಕಾರಣದ ಜಾಗ ಖಾಲಿ.

ಮನೆಯಲ್ಲಿ ಮಗಳು ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ಅಪ್ಪನಿಗೂ ಹೇಳಿಲ್ಲ. ಊಟ ಮಾಡುತ್ತಾಳೆ, ನಗುತ್ತಾಳೆ, ಲೋಟ ತೊಳೆದಿಡುತ್ತಾಳೆ. ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಎಷ್ಟು ಚೆನ್ನಾಗಿ ಕಲಿಸಿದ್ದೇನೆ ನಾನು.

ಮೇ 29, ಬುಧವಾರ. ಸಂಜೆ 5.20

ತಂಗಿಯ ಹಾಲ್. ಟ್ಯಾಂಕಿನ ಮುಂದಿನ ಸ್ಟೂಲು, ಮಗಳದು. ಈ ಡೈರಿಯನ್ನು ಯಾಕೋ ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ. ಅಪ್ಪ ಮಗಳು ನಿಲ್ದಾಣಕ್ಕೆ ಹೋಗಿದ್ದಾರೆ, ತಂಗಿಯನ್ನು ಕರೆತರಲು. ನಾನು ಕೊನೆಯ ಎರಡು ಜಗ್ಗು ಹಾಕಿದೆ. 35 ಮತ್ತು ಒಂಚೂರು. ಎಡಮೂಲೆಯದು ಪೂರ್ತಿ ಅರಳಿದೆ. ನೋಡಿದವರಿಗೆ ಏನೂ ಆಗಿಯೇ ಇಲ್ಲ.

ನೋಟ್‌ಬುಕ್ ತೊಡೆಯ ಮೇಲಿದೆ. ‘ಡ್ರಮ್ ಗೊತ್ತಾಗಲಿಲ್ಲ’ ಎಂದು ಬರೆಯಬಹುದು. ತಂಗಿ ನಂಬುತ್ತಾಳೆ. ಅಯ್ಯೋ ಬಿಡು ಅಕ್ಕ, ನಂಗೂ ಹಾಗೇ ಆಗಿತ್ತು ಅನ್ನುತ್ತಾಳೆ, ಅಂದು ಒಂದು ತುಂಡು ಹವಳವನ್ನೂ ಕೊಡುತ್ತಾಳೆ. ನಂಬದವಳು ಒಬ್ಬಳೇ. ಅವಳು ಯಾರಿಗೂ ಹೇಳುವುದಿಲ್ಲ. ನನ್ನ ಸುಳ್ಳನ್ನು ತನ್ನದೇ ಎನ್ನುವ ಹಾಗೆ ಜೀವಮಾನವಿಡೀ ಕಾಯುತ್ತಾಳೆ. ಮತ್ತೆ ಯಾವತ್ತೂ ನನ್ನ ಮುಂದೆ ಏನೂ ಹೇಳುವುದಿಲ್ಲ, ಏನಿಲ್ಲ ಎನ್ನುವುದೊಂದನ್ನು ಬಿಟ್ಟು.

ಬರೆದೆ. ‘ಅಕ್ಕ ಹಾಕಿದ್ದು. ಗೊತ್ತಿದ್ದೇ ಹಾಕಿದ್ದು. ಹೊಟ್ಟೆಕಿಚ್ಚಿಗೆ.’

ಇಷ್ಟು ಚಿಕ್ಕ ಜಾಗದಲ್ಲಿ ಹಿಡಿಸಿತು.

ಮೆಟ್ಟಿಲಲ್ಲಿ ಮಾತು. ಮಗಳು ನಗುತ್ತಿದ್ದಾಳೆ, ಚಿಕ್ಕಮ್ಮನ ಜೊತೆ ಮಾತ್ರ ನಗುವ ಆ ನಗು. ಈಗಲೂ ಕೇಳಿದರೆ ಉರಿಯುತ್ತದೆ. ಬರೆದದ್ದರಿಂದ ಅದೇನೂ ಕಮ್ಮಿಯಾಗಿಲ್ಲ.

ಬೆಲ್ಲು. ಕೀಲಿ ನನ್ನ ಹತ್ತಿರವೇ ಇದೆ.

ಇಂಕು ಇನ್ನೂ ಆರಿಲ್ಲ. ಮತ್ತೆ ಬೆಲ್ಲು. ನೋಟ್‌ಬುಕ್ ತೆರೆದೇ ಇಟ್ಟು ಬಾಗಿಲು ತೆಗೆಯಲು ಏಳುತ್ತೇನೆ.